ಮಗಳ ಉತ್ತರ ತಡವಾಗುವುದೇಕೆ?

ಶಿವಮೊಗ್ಗದ ಓದುಗರೊಬ್ಬರು ಕೇಳಿದ್ದಾರೆ: "ಟೊರಾಂಟೊದಲ್ಲಿರುವ ಮಗಳನ್ನು ವಿಡಿಯೊ ಕಾಲ್‌ನಲ್ಲಿ 'ಯುಗಾದಿಗೆ ಬರ್ತೀಯಾ?' ಅಂದರೆ ತಡೆದು ಉತ್ತರಿಸುತ್ತಾಳೆ. ನಾನು ಇನ್ನೊಂದು ಮಾತು ಸೇರಿಸುವಷ್ಟರಲ್ಲಿ ಇಬ್ಬರ ಮಾತೂ ಡಿಕ್ಕಿ. ಎದುರು ಕೂತಾಗ ಹೀಗಾಗುವುದಿಲ್ಲ. ಇದು ಭಾಷಾವಿಜ್ಞಾನದ ವಿಷಯವೇ, ಮನಶ್ಶಾಸ್ತ್ರದ್ದೇ?"

ಎರಡರದ್ದೂ ಹೌದು. ಸಮಾಜಶಾಸ್ತ್ರ, ಟೆಲಿಫೋನ್ ಎಂಜಿನಿಯರಿಂಗ್ ಕೂಡ ಸೇರುತ್ತವೆ. ಮಾತಿನ ಸರದಿ ಹೇಗೆ ಕೈ ಬದಲಾಗುತ್ತದೆಂದು ಸಂಭಾಷಣೆಯ ಸಂಶೋಧಕರಾದ ಸ್ಯಾಕ್ಸ್, ಶೆಗ್ಲಾಫ್, ಜೆಫರ್ಸನ್ 1974ರಲ್ಲೇ ಬಿಡಿಸಿಟ್ಟರು. 2009ರಲ್ಲಿ ಇದೇ ಕ್ಷೇತ್ರದ ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು 10 ಭಾಷೆಗಳಲ್ಲಿ ಹೌದು-ಇಲ್ಲ ಪ್ರಶ್ನೆಗಳನ್ನು ಅಳೆದಾಗ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಸರಾಸರಿ ಅಂತರ ಸುಮಾರು 200 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಐದನೇ ಒಂದು ಭಾಗ. ಚಿತ್ರವೊಂದನ್ನು ನೋಡಿ ಅದರ ಹೆಸರು ಹೇಳಲಿಕ್ಕೇ ಸುಮಾರು 600 ಬೇಕು! ಅಂದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿದ್ಧವಾಗತೊಡಗಿರುತ್ತದೆ. ಕನ್ನಡದ 'ಬರ್ತೀಯಾ'ದಂತೆ ಪ್ರಶ್ನೆಯ ಗುರುತು ಕೊನೆಯಲ್ಲಿ ಬರುವ ಜಪಾನಿಯಲ್ಲೇ ಉತ್ತರ ಎಲ್ಲಕ್ಕಿಂತ ಬೇಗ ಬಂದಿತ್ತು.

ಈಗ ನಿಮ್ಮ ಕಾಲ್. ಧ್ವನಿ ಆಚೆ ಕಡೆ ತಲುಪಲು ಒಂದು ದಿಕ್ಕಿಗೆ 300 ಮಿಲಿಸೆಕೆಂಡ್ ತಡ ಎಂದುಕೊಳ್ಳಿ. ಪ್ರಶ್ನೆ ಹೋಗಲು 300, ಅವಳ ಸಹಜ ಅಂತರ 200, ಉತ್ತರ ಬರಲು 300. ನಿಮಗೆ ಕೇಳುವ ಮೌನ 800. ಮಾಮೂಲಿ ಮಾತಿನಲ್ಲಿ 'ಹೌದು' ಬೇಗ ಬರುತ್ತದೆ, 'ಇಲ್ಲ' ತಡವಾಗುತ್ತದೆ. ಹಾಗಾಗಿ ಆ ಮೌನ ನಿಮ್ಮ ಕಿವಿಗೆ ಮನಸ್ಸಿಲ್ಲದ ಹಾಗೆ ಕೇಳುತ್ತದೆ. "ರಜ ಸಿಗಲ್ವೇನೋ" ಅನ್ನುತ್ತೀರಿ. ಅಷ್ಟರಲ್ಲಿ "ಬರ್ತೀನಮ್ಮ, ಟಿಕೆಟ್ ನೋಡ್ತಿದೀನಿ" ಬಂದು ಬೀಳುತ್ತದೆ. ಅವಳ ಕಡೆ ಕೇಳಿದ್ದೇ ಬೇರೆ: ತಾನು ತಟ್ಟನೆ ಉತ್ತರಿಸಿದೆ, ಅಮ್ಮ ಮಧ್ಯೆ ಬಾಯಿ ಹಾಕಿದಳು! ದಯವಿಟ್ಟು ಮಗಳನ್ನು ಅನುಮಾನಿಸಬೇಡಿ.

ಅಳೆದೇ ನೋಡಬಹುದು. ಇಬ್ಬರೂ ಒಪ್ಪಿ, ಎರಡೂ ಕಡೆ ಬೇರೆ ಫೋನಿನಲ್ಲಿ ಧ್ವನಿ ಮುದ್ರಿಸಿ, ಧ್ವನಿಯನ್ನು ಅಳೆಯಲು ಉಚಿತವಾಗಿ ಸಿಗುವ ಪ್ರಾಟ್ (Praat) ತಂತ್ರಾಂಶದಲ್ಲಿ ತೆರೆಯಿರಿ. 'ಬರ್ತೀಯಾ'ದ ಕೊನೆಯ ಸ್ವರ ನಿಲ್ಲುವಲ್ಲಿಂದ ಉತ್ತರ ಶುರುವಾಗುವಲ್ಲಿಯವರೆಗೆ ಎಳೆದರೆ ಅವಧಿ ಕಾಣುತ್ತದೆ. ಉಸಿರೆಳೆದ ಸದ್ದನ್ನು ಮಾತಿನ ಆರಂಭವೆಂದು ಗುರುತು ಹಾಕಬೇಡಿ. ಉತ್ತರ ಪ, ತ, ಕದಿಂದ ಶುರುವಾದರೆ ಬಾಯಿ ಬಿಗಿಹಿಡಿದ ಹೊತ್ತೂ ಮೌನದಂತೆಯೇ ಕಾಣುತ್ತದೆ; ಅಂಥವನ್ನು ಬೇರೆ ಎಣಿಸಿ. ಒಂದೆರಡು ಪ್ರಶ್ನೆ ಸಾಲದು, ಇಪ್ಪತ್ತಾದರೂ ಬೇಕು.

ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್‌ನೊಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ ಎನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಬ್ಲೂಟೂತ್ ಇಯರ್‌ಫೋನ್ ತನ್ನ ಪಾಲಿನ ತಡವನ್ನೂ ಸೇರಿಸುತ್ತದೆ; ವೈರಿನದ್ದು ಹಾಕಿಕೊಳ್ಳಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಎರಡು ಎಣಿಸಿ. ಇನ್ನು ನಮ್ಮ 'ಹೂಂ': ಅದು ತಡವಾಗಿ ತಲುಪಿ ಅವಳ ಮುಂದಿನ ವಾಕ್ಯದ ಮೇಲೆ ಬೀಳುತ್ತದೆ, ಅಮ್ಮ ಏನೋ ಹೇಳುತ್ತಾಳೆಂದು ಅವಳು ನಿಲ್ಲಿಸುತ್ತಾಳೆ. ಅಲ್ಲಿ ಹೂಂಗುಟ್ಟದೆ ತಲೆಯಾಡಿಸಿ.