ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಕಲ್ಲಿನ ಬ್ರೋಚು ಎಷ್ಟು ಹಳೆಯದು ಅಂತ ತಿಳಿಯುವುದು ಹೇಗೆ?

ಕೆಜಿಎಫ್ ಮನೆಯ ಟ್ರಂಕಿನಲ್ಲಿ ಬ್ರೋಚುಗಳು ಸಿಕ್ಕಿವೆ, ಚಿನ್ನವಲ್ಲ ಅಂತ ಅಕ್ಕಸಾಲಿಗರು ವಾಪಸ್ ಕೊಟ್ಟರು, ಇಟ್ಟುಕೊಳ್ಳಬೇಕಾ ಅಂತ ಕೇಳಿದ್ದೀರಿ. ಖಂಡಿತ ಇಟ್ಟುಕೊಳ್ಳಿ. ಕೋಲಾರದ ಗಣಿ ಊರಿನಲ್ಲಿ ಬ್ರಿಟಿಷರು, ಆಂಗ್ಲೋ ಇಂಡಿಯನ್ನರು ತುಂಬಾ ವರ್ಷ ಇದ್ದರು, ಅಲ್ಲಿ ವಿದೇಶಿ ಗಿಲೀಟು ಒಡವೆ ಸಿಗುವುದು ಆಶ್ಚರ್ಯವೇನಲ್ಲ.

ಮೊದಲು ಹಿಂಬದಿ ನೋಡಿ. ಟ್ರಿಫಾರಿ, ಕೋರೋ ಥರದ ಅಮೆರಿಕದ ಕಂಪನಿಗಳು ಅಲ್ಲಿ ಹೆಸರು ಒತ್ತುತ್ತಿದ್ದವು, ಲೆನ್ಸ್ ಹಿಡಿದರೆ ಕಾಣುತ್ತದೆ. ಹೆಸರಿನ ಪಕ್ಕ ವೃತ್ತದೊಳಗೆ ಸಿ ಅಕ್ಷರದ ಕಾಪಿರೈಟ್ ಗುರುತಿದ್ದರೆ ಬಹುಮಟ್ಟಿಗೆ 1955ರ ನಂತರದ್ದು, ಯಾಕೆಂದರೆ ಆ ವರ್ಷ ಟ್ರಿಫಾರಿ ಕೋರ್ಟಿನಲ್ಲಿ ಗೆದ್ದ ಮೇಲೆಯೇ ಇಂಥ ಒಡವೆಯ ಡಿಸೈನಿಗೂ ಕಾಪಿರೈಟ್ ಇದೆ ಅನ್ನುವುದು ಗಟ್ಟಿಯಾಯಿತು. ಕಲ್ಲು ಕಾಮನಬಿಲ್ಲಿನ ಬಣ್ಣ ಹೊಡೆಯುತ್ತಿದ್ದರೆ ಅದೂ ಹೆಚ್ಚುಕಮ್ಮಿ ಅದೇ ಕಾಲದಿಂದ ಈಚಿನದು. ಗಾಜುಕಲ್ಲು ಮಾಡುವ ಆಸ್ಟ್ರಿಯಾದ ಕಂಪನಿ ಸ್ವರೋವ್‌ಸ್ಕಿ ಆ ಬಣ್ಣ ಕೊಡುವ ಲೇಪ ತಂದದ್ದು 1950ರ ದಶಕದ ನಡುವೆ. ಪಿನ್ನಿನ ಕೊಕ್ಕೆಗೆ ಲಾಕ್ ಇಲ್ಲದಿದ್ದರೆ ಇನ್ನೂ ಹಳೆಯದಿರಬಹುದು, ಆದರೆ ಕೊಕ್ಕೆ ಬದಲಾಯಿಸಿರುತ್ತಾರೆ, ಅದೊಂದನ್ನೇ ನಂಬಬೇಡಿ. ಹೆಸರಿಲ್ಲ ಅಂತ ಸುಮ್ನೆ ಎಸೆಯಲೂಬೇಡಿ. ಜೆಕ್ ನಾಡಿನ ಯಾಬ್ಲೊನೆಟ್ಸ್ ಕಡೆಯ ಗಾಜುಕಲ್ಲಿನ ಒಡವೆಗಳಲ್ಲಿ ಎಷ್ಟೋ ಚೆನ್ನಾಗಿರುವವಕ್ಕೂ ಹೆಸರೇ ಇರುವುದಿಲ್ಲ.

ಇನ್ನು ತೊಳೆಯುವ ವಿಷಯ. ನಮ್ಮಲ್ಲಿ ಒಡವೆ ಅಂದ ಕೂಡಲೇ ಅಂಟುವಾಳದ ನೀರಿಗೆ ಹಾಕುತ್ತಾರೆ ಅಲ್ವಾ, ಇವನ್ನು ದಯವಿಟ್ಟು ಹಾಕಬೇಡಿ! ಈ ಕಲ್ಲುಗಳ ಬೆನ್ನಿಗೆ ಹೊಳೆಯುವ ತೆಳು ಲೇಪ ಇರುತ್ತದೆ, ನೀರು ಹೊಕ್ಕರೆ ಅದು ಕಪ್ಪಾಗಿ ಕಲ್ಲು ಮಂಕಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಒಣ ಮೆತ್ತನೆಯ ಬ್ರಷ್ ಸಾಕು. ಹಸಿರು ಕಿಲುಬು ಹಿಡಿದದ್ದನ್ನು ಬೇರೆ ಡಬ್ಬಿಯಲ್ಲಿಡಿ.