ಪದದ ಕೊನೆಯ ಸ್ವರಕ್ಕೆ ಅರ್ಥವಿದೆಯೇ?

ಮಾನ್ಯರೇ,

ಅರಬ್ಬಿಯಲ್ಲಿ ಪದದ ಕೊನೆಯ ಸ್ವರ ಬದಲಾದರೆ ವಾಕ್ಯದ ಅರ್ಥವೇ ಬದಲಾಗುತ್ತದೆಂದು ಕಳೆದ ಸಂಚಿಕೆಯಲ್ಲಿ ಬರೆದದ್ದನ್ನು ತಾವು ಒಪ್ಪಿಲ್ಲ. ಹನ್ನೆರಡು ವರ್ಷ ಕೊಲ್ಲಿಯಲ್ಲಿ ದುಡಿದ ತಾವು ಅಲ್ಲಿನ ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಆ ಸ್ವರಗಳನ್ನು ಉಚ್ಚರಿಸುವವರನ್ನು ಕಂಡಿಲ್ಲವೆಂದೂ, ಅವಿಲ್ಲದೆಯೇ ಎಲ್ಲವೂ ಅರ್ಥವಾಗುವಾಗ ಮಗಳಿಗೆ ಶಾಲೆಯಲ್ಲಿ ಅದನ್ನು ಕಲಿಸುವುದು ವ್ಯರ್ಥವಲ್ಲವೇ ಎಂದೂ ಕೇಳಿದ್ದೀರಿ. ತಾವು ಕಿವಿಯಾರೆ ಕೇಳಿದ್ದು ನಿಜ. ಅದರಿಂದ ತೆಗೆದ ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ.

ಈ ಶಂಕೆ ಹಳೆಯದು, ಗೌರವಕ್ಕೆ ತಕ್ಕದ್ದೂ ಹೌದು. ಸುಮಾರು 1200 ವರ್ಷಗಳ ಹಿಂದೆ, ಅರಬ್ಬಿ ವ್ಯಾಕರಣದ ಮೂಲಗ್ರಂಥ ಬರೆದ ಸೀಬವೈಹ್‌ನ ಶಿಷ್ಯನೇ ಆದ ಕುತ್ರುಬ್, ಈ ಸ್ವರಗಳಿರುವುದು ಮಾತು ತಡೆಯಿಲ್ಲದೆ ಸಾಗಲೆಂದೇ ಹೊರತು ಅರ್ಥಭೇದಕ್ಕಲ್ಲವೆಂದು ವಾದಿಸಿದ್ದ. ಬಹುಪಾಲು ವೈಯಾಕರಣರು ಅವನ ಮಾತನ್ನು ಒಪ್ಪಲಿಲ್ಲ. ಕರ್ತೃ ಯಾರು, ಕರ್ಮ ಯಾವುದು ಎಂಬುದನ್ನು ಪದದ ಕೊನೆಯ ಸ್ವರದಿಂದ ತೋರಿಸುವ ಈ ವ್ಯವಸ್ಥೆಗೆ ಅವರಿಟ್ಟ ‘ಇಅ್‌ರಾಬ್’ ಎಂಬ ಹೆಸರಿಗೆ ‘ಸ್ಪಷ್ಟವಾಗಿ ಹೇಳುವುದು’ ಎಂಬ ಅರ್ಥವೂ ಇದೆ. ಇರಾಕಿನ ಬಸ್ರಾದ ಆದಿ ವೈಯಾಕರಣ ಅಬುಲ್ ಅಸ್ವದ್ ಅದ್ದುಅಲಿಯ ಬಗ್ಗೆ ಪರಂಪರೆ ಹೇಳುವ ಕತೆಯೊಂದಿದೆ. ಆಕಾಶ ನೋಡಿ ಮಗಳು ‘ಮಾ ಅಹ್ಸನುಸ್ಸಮಾಇ’ ಎಂದಳಂತೆ. ತಂದೆ ‘ಅದರ ನಕ್ಷತ್ರಗಳು’ ಎಂದು ಉತ್ತರಿಸಿದನಂತೆ. ಆಕಾಶ ಎಷ್ಟು ಚೆಂದ ಎಂದು ಉದ್ಗರಿಸಲು ಅವಳು ‘ಮಾ ಅಹ್ಸನಸ್ಸಮಾಅ’ ಎನ್ನಬೇಕಿತ್ತು. ಬಾಯಿಂದ ಬಂದದ್ದು, ಆಕಾಶದಲ್ಲಿ ಅತಿ ಚೆಂದದ್ದು ಯಾವುದು ಎಂಬ ಪ್ರಶ್ನೆ. ಕತೆ ನಡೆದದ್ದೋ ಕಟ್ಟಿದ್ದೋ, ಎರಡು ಸ್ವರಗಳ ವ್ಯತ್ಯಾಸವಂತೂ ಸುಳ್ಳಲ್ಲ.

ಹಾಗಾದರೆ ತಾವು ಕೇಳಿದ ಮಾತು ಹೇಗೆ ಅರ್ಥವಾಯಿತು? ಉತ್ತರ ಹಳೆಯ ವ್ಯಾಕರಣದೊಳಗೇ ಇದೆ. ಮೂಸಾ, ಈಸಾ ಎಂಬ ಹೆಸರುಗಳ ಕೊನೆಯ ದೀರ್ಘದ ಮೇಲೆ ಇಅ್‌ರಾಬ್ ಕಾಣಿಸುವುದಿಲ್ಲ. ಆದ್ದರಿಂದ ‘ದರಬ ಮೂಸಾ ಈಸಾ’ ಎಂದರೆ ಮೊದಲು ಬಂದ ಮೂಸಾನೇ ಹೊಡೆದವನು, ಇಲ್ಲಿ ಪದಗಳನ್ನು ಅದಲುಬದಲು ಮಾಡುವಂತಿಲ್ಲ ಎಂಬುದು ನಿಯಮ. ಆದರೆ ‘ಅಕಲ ಅಲ್-ಕುಮ್ಮಸ್ರಾ ಮೂಸಾ’ ಎಂದು ಹಣ್ಣಿನ ಹೆಸರನ್ನೇ ಮುಂದಿಡಬಹುದು. ಮರಸೇಬು ಮೂಸಾನನ್ನು ತಿನ್ನಲಾರದು! ಸ್ವರ ಕಾಣದಿದ್ದಲ್ಲಿ ಅನುಕ್ರಮ, ಅದೂ ಬೇಡವಾದಲ್ಲಿ ಲೋಕಜ್ಞಾನ ಆ ಭಾರವನ್ನು ಹೊರುತ್ತದೆ. ಆಡುಮಾತಿನ ಅರಬ್ಬಿ ಹಿಡಿದದ್ದು ಇದೇ ದಾರಿ. ನಾವೂ ‘ಮರವನ್ನು ಕಡಿದ’ ಎನ್ನದೆ ‘ಮರ ಕಡಿದ’ ಎನ್ನುತ್ತೇವೆ. ಅಷ್ಟರಿಂದ ದ್ವಿತೀಯಾ ವಿಭಕ್ತಿ ಪಂಡಿತರ ಕಟ್ಟುಕತೆಯಾಗುವುದಿಲ್ಲ.

ವ್ಯಾಕರಣಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಎಲ್ಲರಿಗಿಂತ ಆಳವಾಗಿ ಕಂಡವನು, ನನ್ನ ಮಟ್ಟಿಗೆ, 11ನೆಯ ಶತಮಾನದ ವೈಯಾಕರಣ ಅಬ್ದುಲ್ ಕಾಹಿರ್ ಅಲ್-ಜುರ್ಜಾನಿ. ಮಾತಿನ ಸೊಗಸು ಬಿಡಿ ಪದಗಳಲ್ಲಿಲ್ಲ, ವ್ಯಾಕರಣವು ಅವುಗಳ ನಡುವೆ ಹೆಣೆಯುವ ಸಂಬಂಧಗಳಲ್ಲಿದೆ ಎಂಬುದು ಅವನ ವಾದ. ಅದಕ್ಕೆ ಅವನು ಬಳಸಿದ ಪದ ‘ನಜ್ಮ್’, ಅಂದರೆ ಪೋಣಿಸುವುದು. ‘ಅ-ಬನೈತ’ ಎಂದು ಕ್ರಿಯಾಪದವನ್ನು ಮುಂದಿಟ್ಟು ಕೇಳಿದರೆ ಸಂದೇಹವಿರುವುದು ಕೆಲಸದ ಬಗ್ಗೆ: ಮನೆ ಕಟ್ಟಿದೆಯಾ? ‘ಅ-ಅನ್ತ ಬನೈತ’ ಎಂದರೆ ಮನೆ ಕಣ್ಣೆದುರೇ ನಿಂತಿದೆ, ಸಂದೇಹವಿರುವುದು ಕಟ್ಟಿದವನ ಬಗ್ಗೆ: ನೀನಾ ಕಟ್ಟಿದ್ದು? ಎರಡರಲ್ಲೂ ಕ್ರಿಯಾಪದ ಅದೇ, ಕೊನೆಯ ಸ್ವರವೂ ಅದೇ, ಬದಲಾದದ್ದು ಜೋಡಣೆ. ವ್ಯಾಕರಣವನ್ನು ಕೊನೆಯ ಸ್ವರಕ್ಕಷ್ಟೇ ಕಟ್ಟಿಹಾಕಿದ ನಮ್ಮ ಲೇಖನದ ಕೊರತೆ ಇಲ್ಲಿ ಎದ್ದು ಕಾಣುತ್ತದೆ, ಅದನ್ನು ಒಪ್ಪಿಕೊಳ್ಳುತ್ತೇನೆ.

ಇನ್ನು ತಮ್ಮ ಮಗಳ ಕಲಿಕೆ. ಪತ್ರಿಕೆಗಳಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವೆಂಬುದು ತಮಗೆ ತಿಳಿದೇ ಇದೆ. ಕಾಫ್, ತಾ, ಬಾ ಎಂಬ ಮೂರು ಅಕ್ಷರಗಳನ್ನು ‘ಕತಬ’ ಎಂದೋದಿದರೆ ಬರೆದನು, ‘ಕುತಿಬ’ ಎಂದರೆ ಬರೆಯಲ್ಪಟ್ಟಿತು, ‘ಕುತುಬ್’ ಎಂದರೆ ಪುಸ್ತಕಗಳು. ಅವಳು ಗಟ್ಟಿಯಾಗಿ ಓದಬೇಕಾದರೆ ವಾಕ್ಯದಲ್ಲಿ ಯಾರು ಯಾರಿಗೆ ಏನು ಮಾಡಿದರೆಂಬುದನ್ನು ಮೊದಲು ಗ್ರಹಿಸಿ, ಆಮೇಲೆ ಬಾಯಿ ತೆರೆಯಬೇಕು. ಶಾಲೆಯಲ್ಲಿ ಅವಳಿಗೆ ಕಲಿಸುತ್ತಿರುವುದು ಆ ಗ್ರಹಿಕೆಯನ್ನು.

— ಸಂಪಾದಕ