ಕಾಲೂರಿ ನಿಂತ ಆಕೃತಿ: ಚಿತ್ರಕಲೆ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಾಗಲಕೋಟೆಯ ಬ್ಯಾಂಕ್ ನೌಕರ. ಮನುಷ್ಯಾಕೃತಿಗಳನ್ನೇ ಬಿಡಿಸುವ ಹಂಬಲ. ಸುಧೀರ್ ಪಟವರ್ಧನ್ ಡಾಕ್ಟರಿಕೆ ಮಾಡುತ್ತಲೇ ಚಿತ್ರ ಬಿಡಿಸಿದರಂತೆ, ಹೌದೇ?

ಉತ್ತರ: ಹೌದು. 1949ರಲ್ಲಿ ಪುಣೆಯಲ್ಲಿ ಹುಟ್ಟಿದ ಪಟವರ್ಧನ್ 2005ರವರೆಗೆ ಠಾಣೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದರು. ಅವರು ಓದಿದ್ದು ವೈದ್ಯಕೀಯ. ಚಿತ್ರಕಲೆಯನ್ನು ತಾವೇ ಕಲಿತರು. ‘ಇರಾನಿ ರೆಸ್ಟೋರೆಂಟ್’ (1977), ‘ಟೌನ್’ (1984), ‘ಲೋವರ್ ಪರೇಲ್’ (2001) ಮೂರೂ ವೃತ್ತಿಯಲ್ಲಿದ್ದಾಗ ಬಂದವು. 1981ರ ‘ಪ್ಲೇಸ್ ಫಾರ್ ಪೀಪಲ್’ ಪ್ರದರ್ಶನದಲ್ಲಿ ಅವರ ಜೊತೆಗಿದ್ದ ಚಿತ್ರಕಾರ ಭೂಪೇನ್ ಖಖ್ಖರ್ ಕೂಡ ವೃತ್ತಿಯಿಂದ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದರು. ದೇಹವನ್ನು ಬಣ್ಣದ ಪಟ್ಟಿಗಳಿಂದ ಕಟ್ಟುವುದನ್ನು ಫ್ರೆಂಚ್ ಚಿತ್ರಕಾರ ಸೆಜಾನ್‌ನಿಂದ, ದುಡಿಯುವವರ ಗಟ್ಟಿ ಮೈಕಟ್ಟನ್ನು ಅದೇ ದೇಶದ ಲೆಜೆಯಿಂದ ಪಟವರ್ಧನ್ ಪಡೆದರು. ಜನರನ್ನು ಮಾತ್ರ ಮುಂಬೈ–ಠಾಣೆಯ ಬೀದಿಗಳಿಂದಲೇ ತಂದರು. ನೀವೂ ಕೌಂಟರಿನ ಮುಂದೆ ಸಾಲು ನಿಲ್ಲುವವರನ್ನು ನೋಡಿಟ್ಟುಕೊಂಡು ರಾತ್ರಿ ನೆನಪಿನಿಂದ ಬರೆಯಿರಿ. ದಿನಕ್ಕೆ ಅರ್ಧ ಗಂಟೆ ಪೆನ್ಸಿಲ್, ಭಾನುವಾರ ಕ್ಯಾನ್ವಾಸ್. ನಡುವಿನ ಆರು ದಿನ ಹಾಳಾಗುವುದಿಲ್ಲ, ತೈಲವರ್ಣದ ಪದರ ಒಣಗಲು ಅಷ್ಟು ಬೇಕೇ ಬೇಕು.

ಪ್ರಶ್ನೆ: ನಾನು ಬರೆದ ನಿಂತ ವ್ಯಕ್ತಿಗಳು ಗಾಳಿಯಲ್ಲಿ ತೇಲಿದಂತೆ ಕಾಣುತ್ತಾರೆ. (ವಿಜಯಪುರ)

ಉತ್ತರ: ಬಹುಶಃ ಮುಖದಿಂದ ಶುರುಮಾಡುತ್ತಿದ್ದೀರಿ. ಪಾದದಿಂದ ಶುರುಮಾಡಿ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವರಲ್ಲಿ ಕತ್ತಿನ ಕೆಳಗಿನ ಕುಳಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರವೇ ಬೀಳುತ್ತದೆ. ಆ ಕಡೆಯ ಸೊಂಟ ಮೇಲೆದ್ದಿರುತ್ತದೆ, ಅದೇ ಕಡೆಯ ಭುಜ ತುಸು ಇಳಿದಿರುತ್ತದೆ. ಕಂಕುಳಲ್ಲಿ ಕೊಡವಿದ್ದರೆ ಲೆಕ್ಕ ಬದಲಾಗುತ್ತದೆ: ಸೊಂಟ ಕೊಡದ ಕಡೆಗೆ ಚಾಚಿ, ಎದೆ ಎದುರು ದಿಕ್ಕಿಗೆ ವಾಲಿ, ಖಾಲಿ ಕೈ ತೂಕಕ್ಕಾಗಿ ಹೊರಗೆ ಹೋಗುತ್ತದೆ. ಮೊಬೈಲ್ ಫೋಟೋ ನೋಡಿ ಬರೆಯುವಾಗ ತಪ್ಪುವುದು ಇದೇ. ಹತ್ತಿರದಿಂದ ತೆಗೆದ ಫೋಟೋದಲ್ಲಿ ತಲೆ, ಕೈ ದೊಡ್ಡದಾಗಿ ಕಾಲು ಸಣ್ಣದಾಗುತ್ತದೆ. ಸಂತೆಯಲ್ಲಿ ನಿಂತು ಎರಡೆರಡು ನಿಮಿಷದ 20 ಗೀಟುಚಿತ್ರ ಮಾಡಿ, ಕಣ್ಣು–ಮೂಗು ಬಿಟ್ಟುಬಿಡಿ. ಪಾದದಡಿಯ ನೆರಳನ್ನು ಮಾತ್ರ ಮರೆಯಬೇಡಿ. ಬಾದಾಮಿಯ ಮೂರನೇ ಗುಹೆಯ (ಕ್ರಿ.ಶ. 578) ಕಂಬಗಳ ಮೇಲಿನ ಜೋಡಿ ಮೂರ್ತಿಗಳನ್ನೂ ಒಮ್ಮೆ ನಿಂತು ನೋಡಿ. ಬಾಗಿದ ಮೈಯ ಭಾರ ಎಲ್ಲಿ ಇಳಿಯುತ್ತದೆ ಎಂಬುದನ್ನು ಕಲಿಯಲು ನಮ್ಮ ಜಿಲ್ಲೆಗಳಲ್ಲಿ ಅದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಬರೆದ ತೈಲಚಿತ್ರದಲ್ಲಿ ಅಲ್ಲಲ್ಲಿ ಹೊಳಪು ಸತ್ತು ಬಣ್ಣ ಮಂಕಾಗಿದೆ. ಒಂದು ಮೂಲೆ ಬಿರಿದಿದೆ. (ಬೆಳಗಾವಿ)

ಉತ್ತರ: ಇವು ಎರಡು ಬೇರೆ ಕಾಯಿಲೆ. ಮಂಕಾದ ಜಾಗದಲ್ಲಿ ಎಣ್ಣೆಯನ್ನು ಕೆಳಗಿನ ಪದರ ಹೀರಿದೆ. ಅಂಬರ್ ಎಂಬ ಕಂದು ಬಣ್ಣದಲ್ಲಿ, ಬಣ್ಣ ತೆಳುಮಾಡುವ ಟರ್ಪೆಂಟೈನ್ ಜಾಸ್ತಿಯಾದ ಕಡೆ ಹೀಗಾಗುವುದು ಹೆಚ್ಚು. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಅಗಸೆ ಎಣ್ಣೆ, ಟರ್ಪೆಂಟೈನ್ ಸಮಪಾಲು ಬೆರೆಸಿ ಬಟ್ಟೆಯಿಂದ ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿಬಿಡಿ. ಒರೆಸದೆ ಬಿಟ್ಟರೆ ಮುಂದೆ ಹಳದಿಯಾಗುತ್ತದೆ. ಆ ಬಟ್ಟೆಯನ್ನು ಮುದುರಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಿ.

ಬಿರುಕು ಪದರದ ತಪ್ಪು. ಮೊದಲ ಪದರಕ್ಕೆ ಟರ್ಪೆಂಟೈನ್, ಮೇಲೇರಿದಂತೆ ಎಣ್ಣೆ ಹೆಚ್ಚು. ಇದು ತಲೆಕೆಳಗಾದರೆ ಬೇಗ ಗಟ್ಟಿಯಾದ ಮೇಲ್ಪದರವನ್ನು ಅಡಿಯ ಮೆತ್ತನೆ ಪದರ ಅಲುಗಾಡಿಸಿ ಒಡೆಯುತ್ತದೆ. ತೈಲವರ್ಣ ಒಣಗುವುದು ನೀರಾರಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ. ಬೆಳಗಾವಿಯ ತಂಪು ಮಳೆಯಲ್ಲಿ ಅದು ನಿಧಾನ. ಹಾಗಾಗಿ ಜುಲೈನಲ್ಲಿ ತೆಳು ಪದರಗಳಷ್ಟೇ ಇರಲಿ, ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ. ಕ್ಯಾನ್ವಾಸನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ, ಗೋಡೆಯಿಂದ ಎರಡು ಬೆರಳು ದೂರವಿಡಿ. ಬೂಷ್ಟು ಹಿಡಿಯುವುದು ಹಿಂಬದಿಯಿಂದಲೇ.

ಪ್ರಶ್ನೆ: ಇಳಕಲ್ ಸೀರೆಯ ಕೆಂಪು ಸೆರಗಿನ ನೆರಳು ಕೆಸರಿನಂತಾಗುತ್ತದೆ.

ಉತ್ತರ: ಕಪ್ಪು ಬೆರೆಸಬೇಡಿ. ಅಲಿಜರಿನ್ ಕೆಂಪಿಗೆ ಚಿಟಿಕೆ ಅಲ್ಟ್ರಾಮೆರೀನ್ ನೀಲಿ ಸಾಕು. ಸೆರಗಿನ ಬಿಳಿ ಗೋಪುರಗಳನ್ನು ನೆರಿಗೆ ಬರೆದ ಮೇಲೆ ಹಾಕಿ, ಮಡಿಕೆಯ ಒಳಗೆ ಅವು ಅರ್ಧಕ್ಕೆ ಕಡಿದುಹೋಗಲಿ.